ಐಸ್ ಹಾಕಿ: ಜೊತೆಯ ಆಟಗಾರನ ಪರವಾಗಿ ನಿಲ್ಲುವ ಬಗೆ

ನಿಮ್ಮ ತಂಡದವನೊಬ್ಬ ಮೂಲೆಯಲ್ಲಿ ಬೋರ್ಡಿನ (ರಿಂಕ್ ಸುತ್ತಲಿನ ತಡೆಗೋಡೆ) ಕಡೆಗೆ ಮುಖ ಮಾಡಿ ಪಕ್‌ಗಾಗಿ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಸೆಣಸುತ್ತಿದ್ದಾಗ, ಎದುರಾಳಿಯೊಬ್ಬ ಹಿಂದಿನಿಂದ ಬಂದು ಅವನ ಬೆನ್ನಿಗೆ ಅಪ್ಪಳಿಸಿ ಕೆಡವುತ್ತಾನೆ. ಎಲ್ಲರಿಗಿಂತ ಹತ್ತಿರದಲ್ಲಿರುವವರು ನೀವು. ಮುಂದಿನ ಮೂರು ನಾಲ್ಕು ಸೆಕೆಂಡುಗಳಲ್ಲಿ ನೀವು ಏನು ಮಾಡುತ್ತೀರೋ ಅದನ್ನು ತಂಡ ನೆನಪಿಟ್ಟುಕೊಳ್ಳುತ್ತದೆ. ಅರ್ಧ ಗಂಟೆಯ ನಂತರವೋ ಮುಂದಿನ ಪಂದ್ಯದಲ್ಲೋ ತೀರಿಸುವ ಮುಯ್ಯಿಯಿಂದ ಬಿದ್ದವನಿಗೆ ಯಾವ ಉಪಕಾರವೂ ಆಗುವುದಿಲ್ಲ. ಕೆನಡಾ ಮತ್ತು ಅಮೆರಿಕದ ರಿಂಕ್‌ಗಳಲ್ಲಿ ಹವ್ಯಾಸಕ್ಕಾಗಿ ಆಡಲು ಆರಂಭಿಸಿರುವ, ಇಲ್ಲವೇ ಮಕ್ಕಳನ್ನು ಆಟಕ್ಕೆ ಸೇರಿಸಿರುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಕೆಲವು ಸೆಕೆಂಡುಗಳ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಲೀಗಿನ ನಿಯಮಗಳನ್ನು ಓದಿಕೊಳ್ಳಿ. ಟಿ.ವಿ.ಯಲ್ಲಿ ಕಾಣುವ, ಉತ್ತರ ಅಮೆರಿಕದ ವೃತ್ತಿಪರ ಲೀಗಾದ ಎನ್‌ಎಚ್‌ಎಲ್‌ನಲ್ಲಿ ಕೈ ಕೈ ಮಿಲಾಯಿಸಿದ ಇಬ್ಬರೂ ಐದು ನಿಮಿಷ ಪೆನಾಲ್ಟಿ ಬಾಕ್ಸಿನಲ್ಲಿ ಕುಳಿತು ಮತ್ತೆ ಆಟಕ್ಕೆ ಮರಳುತ್ತಾರೆ. 1922ರಿಂದ ನಡೆದುಬಂದಿರುವ ಈ ಪದ್ಧತಿಯನ್ನು ನೋಡಿದವರು ಎಲ್ಲ ಕಡೆಯೂ ಹೀಗೆಯೇ ಎಂದುಕೊಳ್ಳುತ್ತಾರೆ. ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟದ ಪಂದ್ಯಾವಳಿಗಳಲ್ಲಿ, ಅಮೆರಿಕದ ಕಾಲೇಜು ಹಾಕಿಯಲ್ಲಿ, ಮಕ್ಕಳ ಲೀಗುಗಳಲ್ಲಿ ಮತ್ತು ಬಹುತೇಕ ಹವ್ಯಾಸಿ ಲೀಗುಗಳಲ್ಲಿ ಮುಷ್ಟಿ ಬೀಸಿದವನು ಆ ಪಂದ್ಯದಿಂದಲೇ ಹೊರಗೆ. ಎನ್‌ಎಚ್‌ಎಲ್ ಕೂಡ ಹೊರಗಿನವರು ಭಾವಿಸುವಷ್ಟು ಸಡಿಲವಾಗಿಲ್ಲ. ಕಾಳಗವನ್ನು ತಾನಾಗಿ ಕೆಣಕಿ ಆರಂಭಿಸಿದವನಿಗೆ ಐದು ನಿಮಿಷದ ಜೊತೆಗೆ ಇನ್ನೆರಡು ನಿಮಿಷ ಹಾಗೂ ಹತ್ತು ನಿಮಿಷದ ಶಿಕ್ಷೆ ಬೀಳುತ್ತದೆ. ಇಬ್ಬರು ಹೊಡೆದಾಡುತ್ತಿರುವಾಗ ಮೂರನೆಯವನಾಗಿ ನುಗ್ಗಿದವನು ಪಂದ್ಯದಿಂದ ಹೊರಗಾಗುತ್ತಾನೆ. ಜಗಳಕ್ಕೆಂದು ಬೆಂಚಿನಿಂದ ಮೊದಲು ಇಳಿದವನಿಗೆ ಹತ್ತು ಪಂದ್ಯಗಳ ನಿಷೇಧ ಕಾದಿರುತ್ತದೆ. ಬೆಂಚಿನಲ್ಲಿದ್ದರೆ ಬೆಂಚಿನಲ್ಲೇ ಇರಿ ಎನ್ನುವುದು ಯಾವ ಲೀಗಿಗಾದರೂ ಅನ್ವಯಿಸುವ ಮಾತು.

ಎರಡನೆಯದಾಗಿ, ಬಿದ್ದ ಹೊಡೆತ ಎಂಥದ್ದು ಎಂದು ಕ್ಷಣಾರ್ಧದಲ್ಲಿ ಅಳೆಯುವುದನ್ನು ಕಲಿಯಬೇಕು. ದೇಹಕ್ಕೆ ದೇಹ ತಾಗಿಸುವ ಚೆಕ್‌ಗೆ ಅನುಮತಿಯಿರುವ ಆಟದಲ್ಲಿ, ಪಕ್ ಹಿಡಿದವನ ಎದೆಗೆ ಅಥವಾ ಭುಜಕ್ಕೆ ಭುಜದಿಂದ ಬಿದ್ದ ಹೊಡೆತ ಎಷ್ಟೇ ಜೋರಾಗಿದ್ದರೂ ಅದು ಆಟದ ಭಾಗವೇ. ತಲೆಗೆ ಬಿದ್ದದ್ದು, ಬೆನ್ನ ಹಿಂದಿನಿಂದ ಬಂದದ್ದು, ಮೊಣಕಾಲಿಗೆ ಮೊಣಕಾಲು ಚಾಚಿದ್ದು, ಪಕ್ ಬಿಟ್ಟುಕೊಟ್ಟು ಬಹಳ ಹೊತ್ತಾದ ಮೇಲೆ ತಾಗಿದ್ದು ಬೇರೆ ಜಾತಿಯವು. ಇತ್ತೀಚೆಗೆ ಎನ್‌ಎಚ್‌ಎಲ್‌ನಲ್ಲಿಯೂ ನಿಯಮಬದ್ಧ ಚೆಕ್ ಬಿದ್ದ ಕೂಡಲೇ ಯಾರಾದರೊಬ್ಬ ಗ್ಲೋವ್ ಬಿಸಾಡಿ ನುಗ್ಗುವುದು ರೂಢಿಯಾಗಿಬಿಟ್ಟಿದೆ. ಅದು ನನಗೆ ಗಟ್ಟಿತನವೆಂದು ತೋರುವುದಿಲ್ಲ. ತಂಡದ ಕೈಗೆ ಬರಬಹುದಾಗಿದ್ದ ಪಕ್ಕನ್ನು ಬಿಟ್ಟು ಎರಡು ನಿಮಿಷದ ಶಿಕ್ಷೆಯನ್ನು ಮೈಮೇಲೆ ಎಳೆದುಕೊಳ್ಳುವ ಕೆಲಸ ಅದು.

ಹೊಡೆತ ನಿಜವಾಗಿಯೂ ಕೆಟ್ಟದ್ದಾಗಿದ್ದರೆ ತಡಮಾಡದೆ ಹೋಗಿ, ಆದರೆ ವೇಗವನ್ನು ಕೊನೆಯ ಎರಡು ಹೆಜ್ಜೆಗಳಲ್ಲಿ ತಗ್ಗಿಸಿಕೊಳ್ಳಿ, ಏಕೆಂದರೆ ಅದೇ ಓಟದಲ್ಲಿ ಹೋಗಿ ಗುದ್ದಿದರೆ ನೀವೂ ಅವನು ಮಾಡಿದ್ದನ್ನೇ ಮಾಡಿದಂತಾಗುತ್ತದೆ. ಸ್ಟಿಕ್ಕನ್ನು ಕೆಳಗೆ ಇಡಿ ಅಥವಾ ಬಿಟ್ಟುಬಿಡಿ. ಸ್ಟಿಕ್ ಎತ್ತಿದ ಕೈಯನ್ನು ಯಾವ ರೆಫರಿಯೂ ಕ್ಷಮಿಸುವುದಿಲ್ಲ. ಬಿದ್ದವನಿಗೂ ಹೊಡೆದವನಿಗೂ ನಡುವೆ ನಿಮ್ಮ ದೇಹವನ್ನು ತಂದು, ಎರಡೂ ಕೈಗಳಿಂದ ಎದುರಾಳಿಯ ಜೆರ್ಸಿಯನ್ನು ಎದೆಯ ಹತ್ತಿರ ಹಿಡಿದು, ಬಿದ್ದವನಿಂದ ದೂರಕ್ಕೆ ದಬ್ಬಿಕೊಂಡು ಹೋಗಿ. ಬಿದ್ದವನ ಸುತ್ತ ಹರಿತವಾದ ಸ್ಕೇಟುಗಳ ಗುಂಪು ಸೇರದಂತೆ ನೋಡಿಕೊಳ್ಳುವುದೇ ಅವನಿಗೆ ಮಾಡುವ ದೊಡ್ಡ ಉಪಕಾರ. ಮಾತು ಕಡಿಮೆ ಇರಲಿ. ಇಷ್ಟಕ್ಕೆ ನಿಮಗೆ ಎರಡು ನಿಮಿಷದ ಶಿಕ್ಷೆ ಬಿದ್ದರೂ ಬೀಳಬಹುದು, ಆದರೆ ಅದನ್ನು ಬೆಂಚಿನಲ್ಲಿ ಯಾರೂ ಆಕ್ಷೇಪಿಸುವುದಿಲ್ಲ. ನಿಮ್ಮವನೊಬ್ಬ ಆಗಲೇ ಅಲ್ಲಿಗೆ ತಲುಪಿದ್ದರೆ ನಿಮ್ಮ ಕೆಲಸ ಬೇರೆ: ಎದುರು ತಂಡದ ಇನ್ನೊಬ್ಬನನ್ನು ಹಿಡಿದು ನಿಲ್ಲಿಸಿಕೊಳ್ಳಿ ಅಥವಾ ಬಿದ್ದವನ ಬಳಿ ಮಂಡಿಯೂರಿ. ಬಿದ್ದವನು ಅಲುಗಾಡದಿದ್ದರೆ ಎಳೆದು ಎಬ್ಬಿಸಬೇಡಿ, ಹೆಲ್ಮೆಟ್ಟನ್ನೂ ಬಿಚ್ಚಬೇಡಿ.

ಕಾಳಗಕ್ಕೆ ಅವಕಾಶವಿರುವ ಲೀಗಿನಲ್ಲಿ ಆಡುವವರು ಮಾತ್ರ ಮುಂದಿನದನ್ನು ತಿಳಿದಿರಬೇಕು. ಇಬ್ಬರೂ ಒಪ್ಪಿ, ಇಬ್ಬರೂ ಗ್ಲೋವ್ ಕಳಚಿದ ಮೇಲೆಯೇ ಆರಂಭ. ಹಿಂದಿನಿಂದ ಬಂದು ಹೊಡೆಯುವವನಿಗೆ ಆಟಗಾರರ ನಡುವೆ ಮರ್ಯಾದೆಯಿಲ್ಲ. ಕುಸ್ತಿಯ ಅಖಾಡದಲ್ಲಿ ಪಾದ ಮಣ್ಣನ್ನು ಕಚ್ಚಿ ಹಿಡಿಯುತ್ತದೆ, ಮಂಜುಗಡ್ಡೆಯ ಮೇಲೆ ಪಾದಕ್ಕೆ ಆ ಆಸರೆಯಿಲ್ಲ. ಆದ್ದರಿಂದ ಎದುರಾಳಿಯ ಜೆರ್ಸಿಯೇ ಊರುಗೋಲು. ಅವನು ಬೀಸುವ ತೋಳಿನ ಬಟ್ಟೆಯನ್ನು ಭುಜದ ಬಳಿ ಒಂದು ಕೈಯಿಂದ ಬಿಗಿಹಿಡಿದರೆ ನಿಮ್ಮ ಸಮತೋಲವೂ ಉಳಿಯುತ್ತದೆ, ಅವನ ಹೊಡೆತವೂ ಮೊಟಕಾಗುತ್ತದೆ. ಮಂಡಿ ಬಗ್ಗಿಸಿ, ಪಾದಗಳನ್ನು ಅಗಲಿಸಿ, ಗಲ್ಲವನ್ನು ಎದೆಗೆ ಒತ್ತಿಕೊಂಡು ನಿಲ್ಲಬೇಕು. ಹೆಲ್ಮೆಟ್ಟಿಗೆ ಗುದ್ದಿದರೆ ಮುರಿಯುವುದು ನಿಮ್ಮ ಬೆರಳುಗಳೇ. ಹೆಲ್ಮೆಟ್ ಮಾತ್ರ ಕಳಚಬೇಡಿ: 2008ರ ಡಿಸೆಂಬರ್‌ನಲ್ಲಿ ಒಂಟಾರಿಯೋದ ಡಾನ್ ಸ್ಯಾಂಡರ್‌ಸನ್ ಎಂಬ ಯುವ ಆಟಗಾರ ಕಾಳಗದ ನಡುವೆ ಹೆಲ್ಮೆಟ್ ಕಳಚಿ ಬಿದ್ದು, ತಲೆ ಮಂಜುಗಡ್ಡೆಗೆ ಬಡಿದು, ಮುಂದಿನ ತಿಂಗಳು ತೀರಿಕೊಂಡನು. ಒಬ್ಬ ಕೆಳಗೆ ಬಿದ್ದರೆ ಅಥವಾ ಲೈನ್ಸ್‌ಮನ್‌ಗಳು (ರೆಫರಿಯ ಸಹಾಯಕರು) ನಡುವೆ ಬಂದರೆ ಅಲ್ಲಿಗೆ ಮುಗಿಯಿತು. ಅದರ ಮೇಲೆ ಒಂದು ಏಟೂ ಬೀಳಬಾರದು.

2025ರ ಫೆಬ್ರವರಿಯಲ್ಲಿ ಮಾಂಟ್ರಿಯಲ್‌ನಲ್ಲಿ ಅಮೆರಿಕ ಮತ್ತು ಕೆನಡಾ ತಂಡಗಳು ಮೊದಲ ಒಂಬತ್ತು ಸೆಕೆಂಡುಗಳಲ್ಲೇ ಮೂರು ಕಾಳಗಗಳನ್ನು ನಡೆಸಿದ್ದು ಹಲವರಿಗೆ ರೋಮಾಂಚನ ತಂದಿತು. ಅಲ್ಲಿ ಕಾಪಾಡಬೇಕಾದವನು ಯಾರೂ ಇರಲಿಲ್ಲ ಎಂಬುದನ್ನಷ್ಟೇ ಗಮನಿಸಿ.

ಮುಯ್ಯಿಯ ವಿಷಯದಲ್ಲಿ ಮರೆಯಬಾರದ ಪ್ರಕರಣ 2004ರದ್ದು. ಆ ಫೆಬ್ರವರಿ 16ರಂದು ಕೊಲೊರಾಡೊದ ಸ್ಟೀವ್ ಮೂರ್ ನೀಡಿದ ಹೊಡೆತದಿಂದ ವ್ಯಾಂಕೂವರ್ ತಂಡದ ನಾಯಕ ಮಾರ್ಕಸ್ ನಾಸ್ಲಂಡ್ ಗಾಯಗೊಂಡನು, ರೆಫರಿ ಶಿಕ್ಷೆ ಕೊಡಲಿಲ್ಲ. ಮೂರು ವಾರಗಳ ನಂತರ, ಮಾರ್ಚ್ 8ರಂದು, ಮೂರ್ ಮೊದಲ ಅವಧಿಯಲ್ಲೇ ವ್ಯಾಂಕೂವರ್‌ನ ಮ್ಯಾಟ್ ಕುಕ್ ಜೊತೆ ಹೊಡೆದಾಡಿ, ಆಟಗಾರರ ಅಲಿಖಿತ ಲೆಕ್ಕದಲ್ಲಿ ತನ್ನ ಬಾಕಿಯನ್ನು ತೀರಿಸಿಯಾಗಿತ್ತು. ಆದರೂ ಮೂರನೆಯ ಅವಧಿಯಲ್ಲಿ ವ್ಯಾಂಕೂವರ್‌ನ ಇನ್ನೊಬ್ಬ ಆಟಗಾರ ಟಾಡ್ ಬರ್ಟೂಝಿ ಹಿಂದಿನಿಂದ ಮೂರ್‌ನ ಜೆರ್ಸಿ ಹಿಡಿದು ತಲೆಗೆ ಗುದ್ದಿ ಕೆಡವಿದನು. ಕತ್ತಿನ ಮೂರು ಮೂಳೆಗಳು ಮುರಿದ ಮೂರ್ ಮತ್ತೆ ಎನ್‌ಎಚ್‌ಎಲ್‌ನಲ್ಲಿ ಆಡಲಿಲ್ಲ. ಬರ್ಟೂಝಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಳ್ಳಬೇಕಾಯಿತು. ನಾಸ್ಲಂಡ್ ಅಷ್ಟರಲ್ಲಿ ಚೇತರಿಸಿಕೊಂಡು ಆಟಕ್ಕೆ ಮರಳಿದ್ದನು.

ಮುಷ್ಟಿಯೇ ಬೇಡದ ಗಟ್ಟಿತನವನ್ನು ಪ್ರತಿ ವಾರ ಅಭ್ಯಾಸ ಮಾಡಬಹುದು. ಎದುರಾಳಿಯ ಗೋಲಿನ ಮುಂದೆ, ಬೆನ್ನಿಗೆ ಸ್ಟಿಕ್ಕಿನ ತಿವಿತ ಬೀಳುತ್ತಿದ್ದರೂ, ಗೋಲ್‌ಕೀಪರನ ಕಣ್ಣಿಗೆ ಅಡ್ಡವಾಗಿ ಜಾಗ ಬಿಡದೆ ನಿಲ್ಲುವುದು ಒಂದು; ನಿಮ್ಮ ಗೋಲಿನತ್ತ ಬರುವ ಪಕ್ಕಿಗೆ ಮೈಯೊಡ್ಡುವುದು ಇನ್ನೊಂದು. ಬೋರ್ಡಿನ ಬಳಿ ಪಕ್ಕಿಗೆ ಹೋಗುವಾಗ ಮೊದಲೇ ಭುಜದ ಮೇಲಿಂದ ಹಿಂದೆ ನೋಡಿ, ಓರೆಯಾಗಿ ಹೋಗಿ, ಬೋರ್ಡಿಗೆ ಅಂಟಿಕೊಳ್ಳಿ. ಹೊಡೆತ ಬೀಳುವುದು ಖಚಿತವಾದಾಗ ತಲೆ ತಗ್ಗಿಸಬೇಡಿ, ಏಕೆಂದರೆ ತಗ್ಗಿದ ತಲೆ ಬೋರ್ಡಿಗೆ ಬಡಿದರೆ ಆಘಾತವೆಲ್ಲ ನೇರವಾಗಿ ಕತ್ತಿನ ಮೂಳೆಗೆ ಹೋಗುತ್ತದೆ. ಇದನ್ನು ಮಕ್ಕಳಿಗೆ, ಚೆಕ್ ಮಾಡಲು ಅವಕಾಶವಿರುವ ವಯಸ್ಸಿಗೆ ಬರುವ ಮೊದಲೇ, ಹೇಳಿಕೊಡಿ.

ಕೆಟ್ಟ ಹೊಡೆತಕ್ಕೆ ಐದು ನಿಮಿಷದ ಶಿಕ್ಷೆ ಸಿಕ್ಕರೆ, ಆ ಐದು ನಿಮಿಷವೂ ನಿಮ್ಮ ತಂಡಕ್ಕೆ ಒಬ್ಬ ಆಟಗಾರ ಹೆಚ್ಚು, ಎಷ್ಟು ಗೋಲು ಹೊಡೆದರೂ ಆ ಅವಧಿ ಮೊಟಕಾಗುವುದಿಲ್ಲ. ಶಿಕ್ಷೆ ಸಿಗದಿದ್ದರೆ ನಾಯಕನು ಮಾತ್ರ ರೆಫರಿಯ ಬಳಿ ಹೋಗಿ ಮಾತನಾಡಲಿ. ಈ ನಡುವೆ ಬೆಂಚಿಗೆ ಮರಳಿದ ಗಾಯಾಳುವಿನ ಪಕ್ಕದಲ್ಲಿ ಕುಳಿತು, ಸ್ಕೋರ್ ಎಷ್ಟು, ಯಾವ ಅವಧಿ ನಡೆಯುತ್ತಿದೆ ಎಂದು ಕೇಳಿ. ಉತ್ತರ ತಡವರಿಸಿದರೆ, ಅಥವಾ ತಲೆಸುತ್ತು, ಓಕರಿಕೆ, ಬೆಳಕು ಚುಚ್ಚಿದಂತಾಗುವುದು ಇವುಗಳಲ್ಲಿ ಒಂದನ್ನಾದರೂ ಅವನು ಹೇಳಿದರೆ, ತಾನು ಆಡುತ್ತೇನೆಂದು ಎಷ್ಟು ಹಟ ಹಿಡಿದರೂ ಅವನ ಸ್ಟಿಕ್ಕನ್ನು ತೆಗೆದಿಟ್ಟು ಕೋಚ್‌ಗೆ ತಿಳಿಸಿ, ಮತ್ತು ಅವನ ಕಾರನ್ನು ಆ ರಾತ್ರಿ ನೀವೇ ಓಡಿಸಿಕೊಂಡು ಹೋಗಿ ಮನೆಯವರಿಗೆ ಒಪ್ಪಿಸಿ.