ಗುಂಡಿ ತೋಡಿ, ಜಾಡಿ ಕುಲುಕಿ: ಮಣ್ಣನ್ನು ಓದುವ ಬಗೆ

ಒಂದೇ ಹೊಲ, ಆದರೆ ಮೇಲಿನ ಮೂಲೆಯ ಮಣ್ಣು ಬೆರಳಿಗೆ ತರಿತರಿ, ಕೆಳಗಿನ ಮೂಲೆಯದು ಅಂಟಂಟು. ಯಾಕೆ ಹೀಗೆ ಎಂದು ಕಂಡುಕೊಳ್ಳಲು ಗುದ್ದಲಿ, ಚಾಕು, ಜರಡಿ, ಪಾತ್ರೆ ತೊಳೆಯುವ ಪುಡಿ, ನೇರ ಗೋಡೆಯ ಒಂದು ಲೀಟರಿನ ಎರಡು ಗಾಜಿನ ಜಾಡಿ ಮತ್ತು ಎರಡು ದಿನದ ತಾಳ್ಮೆ ಸಾಕು.

ಮೊದಲು ಗುಂಡಿ. ಒಂದು ಮೀಟರ್ ಆಳ ತೋಡಿ. ಬಿಸಿಲು ಬೀಳುವ ಬದಿಯನ್ನು ನೆಟ್ಟಗೆ ಕಡಿಯಿರಿ. ಗುದ್ದಲಿ ಸವರಿದ ಗೋಡೆ ನುಣ್ಣಗಾಗಿ ಪದರಗಳನ್ನು ಮುಚ್ಚಿಬಿಡುತ್ತದೆ, ಹಾಗಾಗಿ ಚಾಕುವಿನ ತುದಿಯಿಂದ ಕೆದಕಿ ನೋಡಬೇಕು. ಸಾಮಾನ್ಯವಾಗಿ ಮೇಲೆ ಬೇರು ಹೆಣೆದ ಕಪ್ಪಗಿನ ಪದರ. ಅದರಡಿಗೆ ಗಟ್ಟಿಯಾದ ಕೆಂಪು ಅಥವಾ ಕಂದು ಪದರ. ನೀರು ಮೇಲಿನಿಂದ ಇಳಿಸಿದ ಜೇಡಿ, ಕಬ್ಬಿಣ ಸೇರಿಕೊಳ್ಳುವುದು ಅಲ್ಲಿ. ಇನ್ನೂ ಕೆಳಗೆ ಕೊಳೆತ ಕಲ್ಲು.

ಆ ಕೊಳೆತ ಕಲ್ಲಿನ ಒಂದು ತುಣುಕನ್ನು ಕೈಗೆತ್ತಿಕೊಳ್ಳಿ. ಗ್ರಾನೈಟ್ ಆಗಿದ್ದರೆ ಅದರ ಫೆಲ್ಡ್‌ಸ್ಪಾರ್ ಹರಳು ಸೀಮೆಸುಣ್ಣದಂತೆ ಮೆತ್ತಗಾಗಿ ಉಗುರಿಗೆ ಉದುರುತ್ತದೆ, ಪಕ್ಕದ ಬೆಣಚು ಹರಳು ಮಾತ್ರ ಗಾಜಿನಂತೆ ಗಟ್ಟಿ. ಮಳೆನೀರು ಗಾಳಿಯಿಂದಲೂ, ಅದಕ್ಕಿಂತ ಹೆಚ್ಚಾಗಿ ಬೇರಿನ ಉಸಿರಿನಿಂದಲೂ ಇಂಗಾಲದ ಡೈಆಕ್ಸೈಡ್ ಹೀರಿ ತೆಳು ಆಮ್ಲವಾಗುತ್ತದೆ. ಅದು ಫೆಲ್ಡ್‌ಸ್ಪಾರನ್ನು ಜೇಡಿ ಮಾಡುತ್ತದೆ, ಬೆಣಚನ್ನು ಕರಗಿಸಲಾರದೆ ಮರಳಾಗಿ ಬಿಡುತ್ತದೆ, ಕಪ್ಪು ಹರಳಿನ ಕಬ್ಬಿಣಕ್ಕೆ ತುಕ್ಕು ಹಿಡಿಸಿ ಮಣ್ಣಿಗೆ ಕೆಂಪು ಕೊಡುತ್ತದೆ. ಲಾವಾ ತಣಿದು ಆದ ಬಸಾಲ್ಟ್ ಶಿಲೆಯಲ್ಲಿ ಬೆಣಚು ಇಲ್ಲವೆನ್ನುವಷ್ಟು ಕಡಿಮೆ. ಅದರಿಂದ ಹುಟ್ಟುವ ಎರೆಮಣ್ಣು ಅಂಟುವುದು, ಬಿರಿಯುವುದು ಅದಕ್ಕೇ. (ಕಪ್ಪಗಿದ್ದ ಮಾತ್ರಕ್ಕೆ ಸಾವಯವ ಅಂಶ ಹೆಚ್ಚೆಂದು ನಂಬಬೇಡಿ, ಎರೆಯಲ್ಲಿ ಅದು ತೀರಾ ಕಡಿಮೆ ಇರುವುದುಂಟು.)

ಕಲ್ಲು ಒಂದೇ ಆದರೂ ಮಣ್ಣು ಬೇರೆಯಾಗುವುದು ಇಳಿಜಾರಿನಿಂದ. ಏರಿನಲ್ಲಿ ನುಣುಪು ಕಣ ಕೊಚ್ಚಿಹೋಗಿ ತರಿ ಉಳಿಯುತ್ತದೆ, ತಗ್ಗಿನಲ್ಲಿ ಅದೇ ನುಣುಪು ಬಂದು ಕೂರುತ್ತದೆ. ತಗ್ಗಿನ ಗೋಡೆಯಲ್ಲಿ ಬೂದುಬಣ್ಣದ ನಡುವೆ ತುಕ್ಕಿನ ಚುಕ್ಕೆ ಕಂಡರೆ ವರ್ಷದಲ್ಲಿ ಕೆಲಕಾಲ ಅಲ್ಲಿ ನೀರು ನಿಲ್ಲುತ್ತದೆ ಎಂದರ್ಥ. ಮೂಲಶಿಲೆ, ಹವೆ, ಜೀವಿಗಳು, ನೆಲದ ಏರಿಳಿತ, ಕಾಲ ಎಂಬ, ಮಣ್ಣನ್ನು ರೂಪಿಸುವ ಐದು ಕಾರಣಗಳನ್ನು ಮಣ್ಣುವಿಜ್ಞಾನಿ ಹ್ಯಾನ್ಸ್ ಜೆನ್ನಿ 1941ರಲ್ಲಿ ಒಂದೇ ಸೂತ್ರದಲ್ಲಿ ಕಟ್ಟಿಕೊಟ್ಟರು.

ಇನ್ನು ಜಾಡಿ. 15 ಸೆಂ.ಮೀ. ಮತ್ತು 60 ಸೆಂ.ಮೀ. ಆಳದ ಮಣ್ಣನ್ನು ಬೇರೆ ಬೇರೆ ತೆಗೆದು ಒಣಗಿಸಿ, ಹೆಂಟೆ ಒಡೆದು, 2 ಮಿ.ಮೀ. ಜರಡಿ ಹಿಡಿಯಿರಿ. ಒಂದೊಂದಕ್ಕೂ ಒಂದೊಂದು ಜಾಡಿ. ಮೂರನೇ ಒಂದು ಭಾಗ ಮಣ್ಣು, ಕುತ್ತಿಗೆವರೆಗೆ ನೀರು, ಒಂದು ಚಮಚ ನೊರೆ ಬಾರದ ಪಾತ್ರೆ ತೊಳೆಯುವ ಪುಡಿ ಹಾಕಿ. ಹತ್ತು ನಿಮಿಷ ಕುಲುಕಿ ಇಟ್ಟು ಒಂದು ನಿಮಿಷಕ್ಕೆ ಮೊದಲ ಗೆರೆ ಎಳೆಯಿರಿ: ಅದು ಮರಳು. ಎರಡು ಗಂಟೆಗೆ ಎರಡನೆಯ ಗೆರೆ, ನಡುವಿನದು ರೇವೆ, ಅಂದರೆ ಮರಳಿಗಿಂತ ನುಣುಪು, ಜೇಡಿಗಿಂತ ದಪ್ಪ ಕಣ. ಒಂದೆರಡು ದಿನದ ಮೇಲೆ ಕೂರುವುದು ಜೇಡಿ, 0.002 ಮಿ.ಮೀ.ಗಿಂತ ಸಣ್ಣ ಕಣ. ಒಟ್ಟು 10 ಸೆಂ.ಮೀ.ನಲ್ಲಿ ಮರಳು 6, ರೇವೆ 2.5, ಜೇಡಿ 1.5 ಬಂದರೆ ಅದು ಮರಳುಮಿಶ್ರಿತ ಗೋಡು (ಮರಳು, ರೇವೆ, ಜೇಡಿ ಮೂರೂ ಬೆರೆತ ಮಣ್ಣೇ ಗೋಡು).

ಕೆಡುವುದು ಹೆಚ್ಚಾಗಿ ಕುಲುಕುವಲ್ಲಿ. ಒಡೆಯದೆ ಉಳಿದ ಜೇಡಿಯ ಗುಳಿಗೆ ಮರಳಿನ ಜತೆಗೇ ಮುಳುಗಿ ಲೆಕ್ಕ ತಪ್ಪಿಸುತ್ತದೆ. ಅರ್ಧ ಗಂಟೆಯಲ್ಲೇ ನೀರು ತಿಳಿಯಾದರೆ ಸುಣ್ಣವೋ ಉಪ್ಪೋ ಜೇಡಿಯನ್ನು ಮುದ್ದೆಗಟ್ಟಿಸಿರಬಹುದು; ಆ ನೀರು ಚೆಲ್ಲಿ ಹೊಸ ನೀರಿನಲ್ಲಿ ಮತ್ತೆ ಕುಲುಕಿ. ಜೇಡಿ ನೀರು ಕುಡಿದು ಉಬ್ಬುವುದರಿಂದ ಅದರ ಪದರ ಇರುವುದಕ್ಕಿಂತ ದಪ್ಪ ಕಾಣುತ್ತದೆ. ಅದಕ್ಕೇ ಕೈಯಲ್ಲೂ ಪರೀಕ್ಷಿಸಿ: ಮಣ್ಣನ್ನು ಹಿಟ್ಟಿನ ಹದಕ್ಕೆ ನಾದಿ ಹೆಬ್ಬೆರಳಿನಿಂದ ಪಟ್ಟಿ ತಳ್ಳಿ. 2.5 ಸೆಂ.ಮೀ. ಒಳಗೆ ಮುರಿದರೆ ಗೋಡು, 5 ದಾಟಿದರೆ ಜೇಡಿಮಣ್ಣು.

ಈಗ ಎರಡೂ ಜಾಡಿ ಪಕ್ಕಪಕ್ಕ ಇಡಿ. ಆಳದ ಮಣ್ಣಿನಲ್ಲಿ ಜೇಡಿ ಎದ್ದುಕಾಣುವಷ್ಟು ಹೆಚ್ಚಿದ್ದರೆ ನೀರು ಸಾವಿರಾರು ವರ್ಷ ಅದನ್ನು ಕೆಳಗಿಳಿಸಿರುವ ಸಾಧ್ಯತೆ ದೊಡ್ಡದು. ಎರಡೂ ಸಮನಾಗಿದ್ದರೆ ಅದು ಹೊಳೆ ಇತ್ತೀಚೆಗೆ ತಂದು ಹರಡಿದ ಮೆಕ್ಕಲು ಇರಬಹುದು, ಇಲ್ಲವೇ ಬಿರುಕಿನೊಳಗೆ ತನ್ನ ಮೇಲ್ಮಣ್ಣನ್ನು ತಾನೇ ನುಂಗಿ ಮಗುಚಿಕೊಳ್ಳುವ ಎರೆ.