ತಮ್ಮನ ಅಂಗವಿಕಲ ವೇತನ: ಮೇಲ್ಮನವಿಯಿಂದ ಸಿಕ್ಕಿದ್ದು

ಪೋಲಿಯೊದಿಂದ ಬಲಗಾಲು ಸೊರಗಿರುವ ನನ್ನ ತಮ್ಮನ ಪ್ರಮಾಣಪತ್ರದಲ್ಲಿ ಅಂಗವೈಕಲ್ಯ ಶೇ 35 ಎಂದಿತ್ತು. ಸರ್ಕಾರ ಪ್ರತಿ ತಿಂಗಳು ಕೊಡುವ ಅಂಗವಿಕಲ ವೇತನಕ್ಕೆ ಕನಿಷ್ಠ ಶೇ 40 ಇರಬೇಕು. ಅರ್ಜಿ ತಿರಸ್ಕೃತವಾಯಿತು. ಹಿಂಬರಹ ಓದಿದ ದಿನ ಅಮ್ಮ ಊಟ ಮಾಡಲಿಲ್ಲ.

ದಾರಿ ತೋರಿಸಿದವರು ಅಂಗವಿಕಲರಿಗೆ ನೆರವಾಗುವ, ನಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತೆ. “ಮತ್ತೆ ವೇತನಕ್ಕೆ ಅರ್ಜಿ ಹಾಕಬೇಡಿ ಅಣ್ಣ, ಮೊದಲು ಪ್ರಮಾಣಪತ್ರದ ವಿರುದ್ಧವೇ ಮೇಲ್ಮನವಿ ಸಲ್ಲಿಸಿ” ಎಂದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 59ನೇ ಕಲಂ ಈ ಅವಕಾಶ ಕೊಡುತ್ತದೆ. ಇದು ನಮಗೆ ಗೊತ್ತೇ ಇರಲಿಲ್ಲ.

ಮೊದಲ ತಪಾಸಣೆಯಲ್ಲಿ ಅವನನ್ನು ಕುರ್ಚಿಯಿಂದ ಎಬ್ಬಿಸಿಯೇ ಇರಲಿಲ್ಲ. ಮೇಲ್ಮನವಿಯ ನಂತರದ ಮರುತಪಾಸಣೆಗೆ ಹಳೆಯ ಎಕ್ಸ್‌ರೇ, ಚಿಕಿತ್ಸೆಯ ಚೀಟಿಗಳ ಜೊತೆಗೆ ಅವನ ಹಳೆಯ ಚಪ್ಪಲಿಗಳನ್ನೂ ಒಯ್ದೆ. ಎಡಗಾಲಿನದು ಹಿಮ್ಮಡಿಯಲ್ಲಿ ಸವೆದು ಕಾಗದದಂತಾಗಿತ್ತು. ಬಲಗಾಲಿನದು ಬೆರಳ ತುದಿಯಲ್ಲಿ ಮಾತ್ರ ಸವೆದಿತ್ತು. ವೈದ್ಯರು ಅವನ್ನು ತಿರುಗಿಸಿ ನೋಡಿದರು, ತಮ್ಮನನ್ನು ನಡೆಸಿದರು, ಎರಡೂ ಕಾಲುಗಳನ್ನು ಟೇಪು ಹಿಡಿದು ಅಳೆದರು. ಶೇ 45 ಎಂದು ಬರೆದರು.

ನಾಡಕಚೇರಿಯಲ್ಲಿ ಮತ್ತೆ ಅರ್ಜಿ ಕೊಟ್ಟೆವು. ಆಧಾರ್‌ನಲ್ಲೂ ಪಾಸ್‌ಬುಕ್‌ನಲ್ಲೂ ಹೆಸರು ಒಂದೇ ರೀತಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಒಂದು ಇನಿಷಿಯಲ್ ವ್ಯತ್ಯಾಸದಿಂದ ನಮಗೆ ಒಂದು ತಿಂಗಳು ಹೋಯಿತು.

ಮೊದಲ ತಿಂಗಳ ಹಣ ಬಂದ ಸಂದೇಶವನ್ನು ಅಮ್ಮನಿಗೆ ತಮ್ಮ ಎರಡು ಸಲ ಓದಿ ಹೇಳಿದ.