ವೇಗದ ಎಸ್ಟೇಟ್ ಕಾರಿಗೆ ಸರಿಯಾದ ಟೈರ್ ಅಳತೆ ಆರಿಸುವುದು ಹೇಗೆ?

ಸೆಡಾನ್ ಕಾರಿನ ಛಾವಣಿಯನ್ನು ಹಿಂಬದಿಯವರೆಗೂ ಚಾಚಿ, ಡಿಕ್ಕಿಯನ್ನು ಪ್ರಯಾಣಿಕರ ಭಾಗದೊಂದಿಗೆ ಒಂದಾಗಿಸಿದ ಕಾರನ್ನು ಎಸ್ಟೇಟ್ ಎನ್ನುತ್ತಾರೆ. ಅದಕ್ಕೆ ಬಲಿಷ್ಠ ಎಂಜಿನ್, ಬಿಗಿಯಾದ ಸಸ್ಪೆನ್ಷನ್, ದೊಡ್ಡ ಬ್ರೇಕುಗಳು ಸೇರಿದಾಗ ಟೈರುಗಳ ಮೇಲೆ ಎರಡು ಬಗೆಯ ಹೊಣೆ ಬೀಳುತ್ತದೆ. ಒಂದು ಕಡೆ ಸ್ಪೋರ್ಟ್ಸ್ ಕಾರಿನಂತೆ ಹೆಚ್ಚಿನ ವೇಗದಲ್ಲಿ ರಸ್ತೆಯನ್ನು ಗಟ್ಟಿಯಾಗಿ ಹಿಡಿಯಬೇಕು. ಇನ್ನೊಂದು ಕಡೆ ಐದು ಜನರನ್ನೂ ಡಿಕ್ಕಿ ತುಂಬ ಸಾಮಾನನ್ನೂ ಹೊರಬೇಕು. ಟೈರ್ ಬದಲಿಸುವ ಮಾತು ಬಂದಾಗ ಸಾಮಾನ್ಯವಾಗಿ ಅಗಲ ಎಷ್ಟು, ರಿಮ್ ಎಷ್ಟು ಇಂಚು ಎಂಬುದೇ ಚರ್ಚೆಯಾಗುತ್ತದೆ. ಎಸ್ಟೇಟ್ ಕಾರಿನ ಮಟ್ಟಿಗಾದರೂ ಮೊದಲು ನೋಡಬೇಕಾದದ್ದು ಭಾರ ಹೊರುವ ಸಾಮರ್ಥ್ಯವನ್ನು. ಉಳಿದ ಲೆಕ್ಕಗಳು ಅದರ ನಂತರ.

ಮೊದಲ ಕೆಲಸ, ಕಾರಿನ ಮೂಲ ಅಳತೆಯನ್ನು ಖಚಿತಪಡಿಸಿಕೊಳ್ಳುವುದು. ಈಗ ಕಾರಿನಲ್ಲಿರುವ ಟೈರಿನ ಮೇಲೆ ಬರೆದಿರುವುದೇ ಮೂಲ ಅಳತೆ ಎಂದು ಭಾವಿಸಬಾರದು, ಏಕೆಂದರೆ ಹಿಂದಿನ ಮಾಲೀಕರು ಅದನ್ನು ಬದಲಿಸಿರಬಹುದು. ಚಾಲಕನ ಬಾಗಿಲಿನ ಕಂಬದ ಮೇಲೆ ಅಥವಾ ಇಂಧನ ಟ್ಯಾಂಕಿನ ಮುಚ್ಚಳದ ಒಳಬದಿಯಲ್ಲಿ ಅಂಟಿಸಿರುವ ಚೀಟಿಯಲ್ಲಿ, ಇಲ್ಲವೇ ಕಾರಿನ ಕೈಪಿಡಿಯಲ್ಲಿ, ತಯಾರಕರು ಒಪ್ಪಿದ ಅಳತೆಗಳೂ ಗಾಳಿಯ ಒತ್ತಡವೂ ಇರುತ್ತವೆ. ಒಂದೇ ಮಾದರಿಗೆ ಎರಡು ಮೂರು ಅಳತೆಗಳನ್ನು ಒಪ್ಪಿರುವುದೂ ಉಂಟು. ಆ ಪಟ್ಟಿಯೊಳಗೇ ಆರಿಸಿಕೊಳ್ಳುವುದಾದರೆ ಮುಂದಿನ ಅರ್ಧ ತಲೆನೋವು ತಪ್ಪುತ್ತದೆ.

ಉದಾಹರಣೆಗೆ 245/40 ಆರ್ 18 97 ವೈ ಎಕ್ಸ್‌ಎಲ್ ಎಂಬ ಬರಹವನ್ನು ತೆಗೆದುಕೊಳ್ಳೋಣ. 245 ಎಂಬುದು ಟೈರಿನ ಅಗಲ, ಮಿಲಿಮೀಟರುಗಳಲ್ಲಿ. 40 ಎಂದರೆ ಪಕ್ಕದ ಗೋಡೆಯ ಎತ್ತರವು ಅಗಲದ ಶೇ 40ರಷ್ಟು, ಅಂದರೆ 98 ಮಿ.ಮೀ. ಆರ್ ಅಕ್ಷರವು ರೇಡಿಯಲ್ ರಚನೆಯನ್ನೂ 18 ಎಂಬುದು ರಿಮ್ಮಿನ ವ್ಯಾಸವನ್ನು ಇಂಚುಗಳಲ್ಲಿಯೂ ತಿಳಿಸುತ್ತವೆ. 97 ಎಂಬುದು ಲೋಡ್ ಇಂಡೆಕ್ಸ್, ಅಂದರೆ ಒಂದು ಟೈರ್ ಹೊರಬಲ್ಲ ಭಾರದ ಗುರುತು. ಇದು ನೇರವಾಗಿ ಕಿಲೋಗ್ರಾಂ ಅಲ್ಲ, ಕೋಷ್ಟಕದಲ್ಲಿ ಹುಡುಕಬೇಕಾದ ಸಂಕೇತ. 97ಕ್ಕೆ 730 ಕೆ.ಜಿ., 96ಕ್ಕೆ 710 ಕೆ.ಜಿ., 93ಕ್ಕೆ 650 ಕೆ.ಜಿ. ಕೊನೆಯ ವೈ ಅಕ್ಷರವು ಗಂಟೆಗೆ 300 ಕಿ.ಮೀ.ವರೆಗಿನ ವೇಗವನ್ನು ಸೂಚಿಸುತ್ತದೆ; ಡಬ್ಲ್ಯು 270ಕ್ಕೆ, ವಿ 240ಕ್ಕೆ. ಎಕ್ಸ್‌ಎಲ್ ಎಂದರೆ ಹೆಚ್ಚಿನ ಒತ್ತಡದ ಗಾಳಿ ತುಂಬಿಸಿಕೊಂಡು ಹೆಚ್ಚು ಭಾರ ಹೊರಬಲ್ಲ, ಬಲಪಡಿಸಿದ ಟೈರ್.

ಭಾರದ ಲೆಕ್ಕ

ಕಾರಿನ ತಯಾರಿಕಾ ಫಲಕದಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ಗರಿಷ್ಠ ಭಾರವನ್ನು ಪ್ರತ್ಯೇಕವಾಗಿ ಕೊಟ್ಟಿರುತ್ತಾರೆ. ಎಸ್ಟೇಟ್ ಕಾರಿನಲ್ಲಿ ಹಿಂದಿನ ಅಂಕಿಯೇ ಮುಖ್ಯ. ಅದು 1,350 ಕೆ.ಜಿ. ಎಂದು ಇಟ್ಟುಕೊಳ್ಳೋಣ. ಮೇಲೆ ಹೇಳಿದ 97ರ ಎರಡು ಟೈರುಗಳು ಒಟ್ಟು 1,460 ಕೆ.ಜಿ. ಹೊರುತ್ತವೆ, 110 ಕೆ.ಜಿ. ಮಿಗುತ್ತದೆ. ಈಗ ನೋಟಕ್ಕೆ ಚೆನ್ನಾಗಿರುತ್ತದೆಂದು ರಿಮ್ಮನ್ನು ಒಂದು ಇಂಚು ಹಿಗ್ಗಿಸಿ 245/35 ಆರ್ 19 ಆರಿಸಿದರೆ ಏನಾಗುತ್ತದೆ? ಹೊರ ವ್ಯಾಸದಲ್ಲಿ ವ್ಯತ್ಯಾಸ ಒಂದು ಮಿಲಿಮೀಟರಿನಷ್ಟೂ ಇಲ್ಲ. ಆದರೆ ಈ ಅಳತೆಯ ಎಕ್ಸ್‌ಎಲ್ ಟೈರಿನ ಲೋಡ್ ಇಂಡೆಕ್ಸ್ 93. ಎರಡು ಸೇರಿದರೆ 1,300 ಕೆ.ಜಿ., ಅಂದರೆ ಅಗತ್ಯಕ್ಕಿಂತ 50 ಕೆ.ಜಿ. ಕಡಿಮೆ. ವ್ಯಾಸದ ಪರೀಕ್ಷೆಯಲ್ಲಿ ನೂರಕ್ಕೆ ನೂರು ಪಡೆದ ಅಳತೆ ಭಾರದ ಪರೀಕ್ಷೆಯಲ್ಲಿ ನಪಾಸಾಗುತ್ತದೆ. ಅಂತರ್ಜಾಲದಲ್ಲಿ ಸಿಗುವ ಅಳತೆ ಹೋಲಿಸುವ ಸಾಧನಗಳಲ್ಲಿ ಹಲವು ವ್ಯಾಸವನ್ನಷ್ಟೇ ತೋರಿಸಿ ಸುಮ್ಮನಾಗುವುದರಿಂದ ಈ ಕೊರತೆ ಕಣ್ಣಿಗೆ ಬೀಳದೆ ಹೋಗುತ್ತದೆ.

ಕಾರಣ ಸರಳವಾಗಿದೆ. ಭಾರವನ್ನು ಹೊರುವುದು ಮುಖ್ಯವಾಗಿ ರಬ್ಬರ್ ಅಲ್ಲ, ಒಳಗೆ ಒತ್ತಡದಲ್ಲಿರುವ ಗಾಳಿ. ರಿಮ್ ದೊಡ್ಡದಾಗಿ ಪಕ್ಕದ ಗೋಡೆ ಗಿಡ್ಡವಾದಂತೆ ಗಾಳಿಗಿರುವ ಜಾಗ ಕುಗ್ಗುತ್ತದೆ. 19 ಇಂಚಿಗೇ ಹೋಗಬೇಕೆಂದಿದ್ದರೆ 255/35 ಆರ್ 19 ನೋಡಬಹುದು. ಅದರ ಎಕ್ಸ್‌ಎಲ್ ಟೈರಿಗೆ ಲೋಡ್ ಇಂಡೆಕ್ಸ್ 96 ಇರುವುದರಿಂದ ಎರಡು ಟೈರುಗಳಿಗೆ 1,420 ಕೆ.ಜಿ. ದೊರೆಯುತ್ತದೆ. ಆದರೆ ಟೈರ್ ಅಗಲವೂ ಎತ್ತರವೂ ಆಗುವುದರಿಂದ ಮುಂದೆ ಹೇಳುವ ಬೇರೆ ಪರೀಕ್ಷೆಗಳನ್ನು ಅದು ದಾಟಬೇಕಾಗುತ್ತದೆ.

ಇಲ್ಲಿ ಗಾಳಿಯ ಒತ್ತಡದ ವಿಷಯವನ್ನು ಬಿಡುವಂತಿಲ್ಲ. ಎಕ್ಸ್‌ಎಲ್ ಟೈರಿನ ಪೂರ್ಣ ಸಾಮರ್ಥ್ಯವನ್ನು ಯುರೋಪಿನ ಮಾನದಂಡದಲ್ಲಿ 2.9 ಬಾರ್, ಅಂದರೆ ಸುಮಾರು 42 ಪಿಎಸ್‌ಐ ಒತ್ತಡಕ್ಕೆ ಲೆಕ್ಕ ಹಾಕಿರುತ್ತಾರೆ. ಸಾಮಾನ್ಯ ಟೈರಿಗೆ ಅದು 2.5 ಬಾರ್. ಎಕ್ಸ್‌ಎಲ್ ಟೈರಿಗೂ 2.5 ಬಾರ್ ಮಾತ್ರ ತುಂಬಿದರೆ ಅದು ಹೊರುವುದು ಹೆಚ್ಚುಕಡಿಮೆ ಅದೇ ಅಳತೆಯ ಸಾಮಾನ್ಯ ಟೈರಿನಷ್ಟೇ. ಹೆಚ್ಚುವರಿ ಬಲಕ್ಕೆ ಹಣ ಕೊಟ್ಟು, ಗಾಳಿ ತುಂಬುವಾಗ ಅದನ್ನು ಕಳೆದುಕೊಂಡಂತಾಗುತ್ತದೆ. ಕಾರಿನ ಚೀಟಿಯಲ್ಲಿ ಪೂರ್ಣ ಭಾರಕ್ಕೆಂದು ಪ್ರತ್ಯೇಕ ಒತ್ತಡ ಕೊಟ್ಟಿರುವುದು ಇದಕ್ಕಾಗಿಯೇ. ಟ್ರೇಲರ್ ಎಳೆಯುವವರು ಅದರ ಮೂತಿ ಕಾರಿನ ಕೊಕ್ಕೆಯ ಮೇಲೆ ಹೇರುವ ಭಾರವೂ ಹಿಂದಿನ ಆಕ್ಸಲ್ ಮೇಲೆಯೇ ಬೀಳುತ್ತದೆ ಎಂಬುದನ್ನು ನೆನಪಿಡಬೇಕು.

ಹೊರ ವ್ಯಾಸ

ಭಾರದಲ್ಲಿ ತೇರ್ಗಡೆಯಾದ ಅಳತೆಗಳನ್ನು ಮಾತ್ರ ಈ ಹಂತಕ್ಕೆ ತರಬೇಕು. ಪಕ್ಕದ ಗೋಡೆಯ ಎತ್ತರವನ್ನು ಎರಡರಿಂದ ಗುಣಿಸಿ, ಅದಕ್ಕೆ ರಿಮ್ಮಿನ ಇಂಚುಗಳನ್ನು 25.4ರಿಂದ ಗುಣಿಸಿ ಬಂದ ಅಂಕಿಯನ್ನು ಕೂಡಿಸಿದರೆ ಹೊರ ವ್ಯಾಸ ಸಿಗುತ್ತದೆ. 245/40 ಆರ್ 18ಕ್ಕೆ 196 ಮತ್ತು 457.2 ಸೇರಿ 653.2 ಮಿ.ಮೀ.; 255/35 ಆರ್ 19ಕ್ಕೆ 661.1 ಮಿ.ಮೀ. ವ್ಯತ್ಯಾಸ ಶೇ 1.2. ವ್ಯಾಸ ಹೆಚ್ಚಿದರೆ ಚಕ್ರ ಪ್ರತಿ ಕಿಲೋಮೀಟರಿಗೆ ಕಡಿಮೆ ಸುತ್ತು ಸುತ್ತುವುದರಿಂದ ಸ್ಪೀಡೋಮೀಟರ್ ಮೊದಲಿಗಿಂತ ಕಡಿಮೆ ವೇಗ ತೋರಿಸುತ್ತದೆ. ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ; ಸ್ವಲ್ಪ ಹೆಚ್ಚು ತೋರಿಸಬಹುದು. ಹೀಗಾಗಿ ವ್ಯಾಸವನ್ನು ಶೇ 2ಕ್ಕಿಂತ ಹೆಚ್ಚು ಏರಿಸದಿರುವುದು ಕ್ಷೇಮ.

ತಯಾರಕರು ಈ ವಿಷಯದಲ್ಲಿ ಎಷ್ಟು ಬಿಗಿಯಾಗಿರುತ್ತಾರೆ ಎಂಬುದಕ್ಕೆ 2019ರಲ್ಲಿ ಬಂದ ಆಡಿ ಆರ್‌ಎಸ್‌ 6 ಅವಾಂತ್ ಎಂಬ ವೇಗದ ಎಸ್ಟೇಟ್ ಕಾರನ್ನು ನೋಡಬಹುದು. ಅದಕ್ಕೆ 275/35 ಆರ್ 21 ಮತ್ತು 285/30 ಆರ್ 22 ಎಂಬ ಎರಡು ಅಳತೆಗಳನ್ನು ಕೊಟ್ಟಿದ್ದರು. ರಿಮ್ ಒಂದು ಇಂಚು ಬೆಳೆದರೂ ಹೊರ ವ್ಯಾಸದ ಅಂತರ ನಾಲ್ಕು ಮಿಲಿಮೀಟರಿಗಿಂತ ಕಡಿಮೆ.

ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವ ಕಾರುಗಳಲ್ಲಿ ಈ ಲೆಕ್ಕ ಇನ್ನೂ ಸೂಕ್ಷ್ಮ. ಮುಂದಿನ ಮತ್ತು ಹಿಂದಿನ ಚಕ್ರಗಳ ಸುತ್ತಳತೆ ಬೇರೆಯಾದರೆ ಅವುಗಳ ನಡುವೆ ಬಲ ಹಂಚುವ ಕ್ಲಚ್ ಅಥವಾ ಡಿಫರೆನ್ಷಿಯಲ್ ನೇರ ರಸ್ತೆಯಲ್ಲೂ ಬಿಡುವಿಲ್ಲದೆ ದುಡಿದು ಬಿಸಿಯಾಗುತ್ತದೆ. ಅಳತೆ ಒಂದೇ ಇದ್ದರೂ ಸಾಲದು: 8 ಮಿ.ಮೀ. ಆಳದ ಹೊಸ ಟ್ರೆಡ್ಡಿಗೂ (ರಸ್ತೆಗೆ ತಾಗುವ ಗೀರುಗಳುಳ್ಳ ಪದರ) 3 ಮಿ.ಮೀ.ಗೆ ಸವೆದ ಟ್ರೆಡ್ಡಿಗೂ ವ್ಯಾಸದಲ್ಲಿ 10 ಮಿ.ಮೀ. ಅಂತರವಿರುತ್ತದೆ. ಇಂಥ ಕಾರಿಗೆ ನಾಲ್ಕನ್ನೂ ಒಟ್ಟಿಗೇ, ಒಂದೇ ಮಾದರಿಯಲ್ಲೇ ಬದಲಿಸುವುದು ದುಬಾರಿಯೆನಿಸಿದರೂ ಸರಿಯಾದ ದಾರಿ. ಹಿಂದೆ ಅಗಲವಾದ ಟೈರ್ ಇರುವ ಕಾರುಗಳಲ್ಲಿ ಮುಂದು ಹಿಂದಿನ ವ್ಯಾಸಗಳ ಅನುಪಾತ ಮೊದಲಿನಂತೆಯೇ ಉಳಿಯಬೇಕು. ಬಿಎಂಡಬ್ಲ್ಯು ಎಂ 3 ಟೂರಿಂಗ್‌ನಲ್ಲಿ ಮುಂದೆ 275/35 ಆರ್ 19, ಹಿಂದೆ 285/30 ಆರ್ 20. ಅಳತೆಗಳು ಬೇರೆಯಾಗಿ ಕಂಡರೂ ವ್ಯಾಸದ ವ್ಯತ್ಯಾಸ ಶೇ 0.6ರಷ್ಟು ಮಾತ್ರ. ಒಂದು ಕಡೆಯದನ್ನು ಮಾತ್ರ ಬದಲಿಸಿದರೆ ಈ ಹೊಂದಾಣಿಕೆ ಕೆಡುತ್ತದೆ.

ರಿಮ್ ಮತ್ತು ಜಾಗ

ಪ್ರತಿ ಟೈರ್ ಅಳತೆಗೂ ಒಪ್ಪುವ ರಿಮ್ ಅಗಲದ ಮಿತಿಯಿದೆ. 245/40 ಆರ್ 18ಕ್ಕೆ ಅದು 8ರಿಂದ 9.5 ಇಂಚು, 255/35 ಆರ್ 19ಕ್ಕೆ 8.5ರಿಂದ 10 ಇಂಚು. ರಿಮ್ಮನ್ನೂ ಬದಲಿಸುವುದಾದರೆ ಆಫ್‌ಸೆಟ್ ನೋಡಬೇಕು, ಅಂದರೆ ರಿಮ್ಮಿನ ನಡುಗೆರೆಯಿಂದ ಅದು ಕಾರಿಗೆ ಕೂರುವ ಮುಖಕ್ಕಿರುವ ದೂರ, ಮಿಲಿಮೀಟರುಗಳಲ್ಲಿ. 8.5 ಇಂಚಿನ, 45 ಆಫ್‌ಸೆಟ್‌ನ ರಿಮ್ ತೆಗೆದು 9 ಇಂಚಿನ, 40 ಆಫ್‌ಸೆಟ್‌ನ ರಿಮ್ ಹಾಕಿದರೆ ಹೊರ ಅಂಚು 11 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು ಹೊರಗೆ ಬರುತ್ತದೆ, ಒಳ ಅಂಚು 1.35 ಮಿ.ಮೀ.ನಷ್ಟು ಒಳಗೆ ಸರಿಯುತ್ತದೆ. ಖಾಲಿ ಕಾರಿನಲ್ಲಿ ಇದರಿಂದ ತೊಂದರೆ ಕಾಣದಿರಬಹುದು. ಡಿಕ್ಕಿ ತುಂಬಿ ಸಸ್ಪೆನ್ಷನ್ ಕುಗ್ಗಿದಾಗ ಟೈರ್ ಮಡ್‌ಗಾರ್ಡಿನ ಅಂಚಿಗೆ ಉಜ್ಜಬಹುದು. ಚಳಿಗಾಲಕ್ಕೆಂದು ಚಿಕ್ಕ ರಿಮ್ ಹಾಕುವವರಿಗೆ ಇದರ ವಿರುದ್ಧದ ಸಮಸ್ಯೆ: ಬ್ರೇಕ್ ಡಿಸ್ಕನ್ನು ಹಿಡಿಯುವ ದೊಡ್ಡ ಕ್ಯಾಲಿಪರಿಗೆ ರಿಮ್ಮಿನೊಳಗೆ ಜಾಗ ಸಾಲದೆ ಹೋಗಬಹುದು.

ವೇಗದ ಅಕ್ಷರವನ್ನು ಮೂಲ ಟೈರಿಗಿಂತ ಕೆಳಗಿಳಿಸಬಾರದು. ಮೂಲ ಟೈರ್ ರನ್‌ಫ್ಲಾಟ್ (ಗಾಳಿ ಹೋದರೂ ಸ್ವಲ್ಪ ದೂರ ಓಡಬಲ್ಲ ಟೈರ್) ಆಗಿದ್ದು ಸಾಮಾನ್ಯ ಟೈರಿಗೆ ಬದಲಾಯಿಸುವುದಾದರೆ, ಅಂಥ ಕಾರುಗಳಲ್ಲಿ ಸಾಮಾನ್ಯವಾಗಿ ಸ್ಟೆಪ್ನಿ ಇರುವುದಿಲ್ಲವಾದ್ದರಿಂದ ಪಂಕ್ಚರ್ ಕಿಟ್ಟನ್ನಾದರೂ ಇಟ್ಟುಕೊಳ್ಳಬೇಕು. ಟೈರಿನ ಮೇಲೆ ನಕ್ಷತ್ರ, ಎಓ, ಎಂಓ ಮುಂತಾದ ಗುರುತುಗಳಿದ್ದರೆ ಅವು ಕ್ರಮವಾಗಿ ಬಿಎಂಡಬ್ಲ್ಯು, ಆಡಿ, ಮರ್ಸಿಡಿಸ್ ಕಾರುಗಳಿಗಾಗಿ ಹೊಂದಿಸಿದ ಟೈರುಗಳು. ಇವು ಕಡ್ಡಾಯವಲ್ಲವಾದರೂ, ಆಯ್ಕೆಯಿದ್ದಾಗ ಗುರುತುಳ್ಳದ್ದನ್ನೇ ತೆಗೆದುಕೊಳ್ಳುವುದು ನನ್ನ ಮಟ್ಟಿಗೆ ಮೇಲು. ಟೈರಿನ ಪಕ್ಕದಲ್ಲಿರುವ ಡಾಟ್ (DOT) ಸಂಕೇತದ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. 2324 ಎಂದರೆ 2024ರ 23ನೇ ವಾರ.

ತಯಾರಕರ ಪಟ್ಟಿಯಲ್ಲಿಲ್ಲದ ಅಳತೆಯನ್ನು ಆರಿಸಿದ್ದರೆ, ಹಣ ಕೊಡುವ ಮೊದಲೇ ನೋಂದಣಿ ಪ್ರಾಧಿಕಾರವೂ ವಿಮಾ ಕಂಪನಿಯೂ ಒಪ್ಪುತ್ತವೆಯೇ ಎಂದು ವಿಚಾರಿಸಬೇಕು. ಹಾಕಿಸಿದ ಮೇಲೆ ಒತ್ತಡ ತಿಳಿಸುವ ವ್ಯವಸ್ಥೆಯನ್ನು ಹೊಸದಾಗಿ ಹೊಂದಿಸಿ, ವೀಲ್ ಅಲೈನ್‌ಮೆಂಟ್ ಮಾಡಿಸಿ, ಹಿಂದೆ ಪೂರ್ಣ ಭಾರ ಹೇರಿ ಸ್ಟೀರಿಂಗನ್ನು ಎರಡೂ ಕೊನೆಯವರೆಗೆ ತಿರುಗಿಸಿ ಎಲ್ಲಿಯೂ ತಾಗುತ್ತಿಲ್ಲವೆಂದು ನೋಡಬೇಕು. ರಿಮ್ ಬದಲಿಸಿದ್ದರೆ, ಮೊದಲ 50ರಿಂದ 100 ಕಿ.ಮೀ. ಓಡಿದ ಬಳಿಕ ಬೋಲ್ಟುಗಳ ಬಿಗಿಯನ್ನು ಟಾರ್ಕ್ ವ್ರೆಂಚಿನಿಂದ ಮತ್ತೊಮ್ಮೆ ಪರೀಕ್ಷಿಸಬೇಕು.